ಚಿಕ್ಕಪ್ಪ ಕೊಟ್ಟ ರಕ್ತ

ಚಿಕ್ಕವ್ವ ನಮ್ಮವ್ವನ ಬೆನ್ನಿಗೆ ಬಿದ್ದ ತಂಗಿ. ಅವಳನ್ನು ಬೆಟ್ಟದಪುರದ ಹತ್ತಿರದ ಒಂದು ಊರಿಗೆ, ಹೊಗೆಸೊಪ್ಪು ಬೆಳೆಯುವವರ ಮನೆಗೆ ಕೊಟ್ಟಿದ್ದರು. ನಮ್ಮದು ಹೊಸ ಅಗ್ರಹಾರದ ಕಡೆ, ಗದ್ದೆ ಬಯಲಿನ ಊರು. ತೊಂಬತ್ತರ ದಶಕದ ಮೊದಲಲ್ಲಿ ಅವಳು ಸತ್ತಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಆ ಸಾವನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಅವ್ವ ಅದನ್ನು ಎಷ್ಟು ಸಲ ಹೇಳಿದ್ದಳೆಂದರೆ, ಆ ಆಸ್ಪತ್ರೆಯ ಕಬ್ಬಿಣದ ಮಂಚ, ಹಸಿರು ಬಣ್ಣ ಬಳಿದ ಗೋಡೆ, ಕಿಟಕಿಯಾಚೆಯ ಹುಣಸೂರಿನ ಬಸ್ಸುಗಳ ಹಾರನ್ ಸದ್ದು, ಎಲ್ಲವೂ ನನ್ನದೇ ನೆನಪಿನಂತೆ ಕೂತುಬಿಟ್ಟಿವೆ.

ಮೊದಲ ಹೆರಿಗೆ. ತವರಿಗೆ ಕರೆತರುವ ಮುಂಚೆಯೇ ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ನಿಂತುಹೋಗಿತ್ತು. ಅವಳ ಗಂಡ, ನಮ್ಮ ಚಿಕ್ಕಪ್ಪ, ಅವಳನ್ನು ಹುಣಸೂರಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ಸೇರಿಸಿದ. ಈಗ ಆ ಆಸ್ಪತ್ರೆಯೂ ಇಲ್ಲ, ಆ ಕಟ್ಟಡವೂ ಇಲ್ಲ. ಅವ್ವ ಹೋಗಿ ತಲುಪುವ ಹೊತ್ತಿಗೆ ಸತ್ತ ಮಗುವನ್ನು ತೆಗೆದಿದ್ದರು. ಚಿಕ್ಕವ್ವನಿಗೆ ರಕ್ತ ಹೋಗುವುದು ಮಾತ್ರ ನಿಂತಿರಲಿಲ್ಲ. ಡಾಕ್ಟರು ರಕ್ತ ಹಾಕಲೇಬೇಕು ಅಂದರು. ಚಿಕ್ಕಪ್ಪ ಅಂಗಿ ತೋಳು ಮಡಚಿಕೊಂಡು ನಿಂತ. ಗಂಡ ಹೆಂಡತಿ ಇಬ್ಬರದೂ ಒಂದೇ ಗುಂಪು, ಓ ಪಾಸಿಟಿವ್, ಒಳ್ಳೆಯದೇ ಆಯಿತು ಎಂದು ಆಸ್ಪತ್ರೆಯವರು ಹೇಳಿದರಂತೆ. ಗುಂಪು ನೋಡಿದರೇ ಹೊರತು ಎರಡೂ ರಕ್ತವನ್ನು ಬೆರೆಸಿ ನೋಡಲಿಲ್ಲ ಎನ್ನುವುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಬಾಟಲಿ ಏರಿಸಿ ಸ್ವಲ್ಪ ಹೊತ್ತಾಗಿತ್ತು. ಚಿಕ್ಕವ್ವ, "ಅಕ್ಕ, ಕೈ ಉರೀತದೆ" ಅಂದಳು. ಆಮೇಲೆ ಚಳಿ ಹತ್ತಿತು. ಮಂಚ ಗಡಗಡ ಅನ್ನುವಂಥ ಚಳಿ. ಅವ್ವ ತನ್ನ ಸೆರಗನ್ನೂ ಬಿಚ್ಚಿ ಹೊದಿಸಿದಳು. "ಬೆನ್ನು ಒಡ್ದೋಯ್ತದೆ ಕಣಕ್ಕ, ಸಾಕು ಅನ್ನು ಅವ್ರಿಗೆ" ಎಂದು ಚಿಕ್ಕವ್ವ ಬೇಡಿದಳು. ಬಾಣಂತಿಗೆ ಚಳಿ ಜ್ವರ ಬರುವುದುಂಟು ಎಂದು ಆಸ್ಪತ್ರೆಯವರು ಅಂದರು. ಚಿಕ್ಕಪ್ಪ ಅವಳ ತಲೆಯ ಹತ್ತಿರ ಕೂತು, "ಒಸಿ ತಡ್ಕೊ, ಇನ್ನೇನ್ ಮುಗೀತು" ಅನ್ನುತ್ತಿದ್ದ. ಬಾಟಲಿ ಖಾಲಿಯಾಯಿತು. ಆಮೇಲೆ ಅವಳಿಗೆ ಬಂದ ಉಚ್ಚೆ ಕಾಫಿ ಕಷಾಯದ ಬಣ್ಣದಲ್ಲಿತ್ತು, ಆಮೇಲೆ ಅದೂ ನಿಂತಿತು. ಮೈಸೂರಿಗೆ ಸಾಗಿಸುವ ಏರ್ಪಾಡು ಮಾಡುತ್ತಿರುವಾಗಲೇ ಜೀವ ಹೋಯಿತು.

ಹೆಣ ಊರಿಗೆ ಬಂದ ದಿನ ಅಜ್ಜಿ ಎಲ್ಲರೆದುರು ಅಳಿಯನ ಮುಖ ನೋಡಿ ಒಂದು ಮಾತು ಆಡಿದಳು. "ನೆಟ್ಟಗೆ ಮಾತಾಡ್ತಿದ್ದ ಮಗ್ಳು. ನಿನ್ ರಕ್ತ ಒಳಿಕ್ ಓದ್‌ಮ್ಯಾಕೆ ಒಂಟೋದ್ಲು. ಅದ್ರಾಗೆ ಏನ್ ನಂಜಿತ್ತೋ, ನಿಂಗೇ ಗೊತ್ತು."

ಚಿಕ್ಕಪ್ಪ ಏನೂ ಅನ್ನಲಿಲ್ಲವಂತೆ. ಅನ್ನದೇ ಇದ್ದದ್ದೇ ದೊಡ್ಡದಾಯಿತು. ಆ ಕಾಲಕ್ಕೆ ಏಡ್ಸ್ ಎಂಬ ಹೆಸರು ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಕಾಣಿಸಿಕೊಳ್ಳತೊಡಗಿತ್ತು. ಅದು ಹೇಗೆ ಬರುತ್ತದೆ, ಬಂದರೆ ಏನಾಗುತ್ತದೆ ಎನ್ನುವುದು ಯಾರಿಗೂ ಸರಿಯಾಗಿ ತಿಳಿಯದು. ರಕ್ತದಿಂದ ಬರುತ್ತದೆ ಎನ್ನುವುದಷ್ಟೇ ಸಾಕಾಯಿತು. ಚಿಕ್ಕಪ್ಪನ ಮನೆಯಲ್ಲಿ ನೀರು ಕುಡಿಯುವವರು ಕಡಿಮೆಯಾದರು. ಅವನಿಗೆ ಮತ್ತೆ ಹೆಣ್ಣು ಕೊಡಲು ಯಾರೂ ಬರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಕಂಡೆವು. ಮಡಿಕೇರಿ ಬಸ್ಸಿನ ಪಕ್ಕ ನಿಂತು ನಮ್ಮ ಕಡೆಯೇ ನೋಡುತ್ತಿದ್ದ. ಅವ್ವ ನನ್ನ ಕೈ ಹಿಡಿದು ಇನ್ನೊಂದು ಕಡೆಗೆ ನಡೆದಳು. ತಿರುಗಿ ನೋಡಬೇಡ ಅಂದಳು.

ಇದೆಲ್ಲ ನಮ್ಮ ಮನೆಯೊಳಗೆ ಒಂದು ಕಾಯಿದೆಯನ್ನೇ ಮಾಡಿಬಿಟ್ಟಿತು. ಅಜ್ಜಿ ನಮ್ಮ ಮನೆಯಲ್ಲೇ ಇದ್ದಳು. ಅವಳು ನಮ್ಮಪ್ಪನಿಗೆ ಅಕ್ಕ. ತನ್ನ ಹಿರಿಯ ಮಗಳನ್ನೇ ತಮ್ಮನಿಗೆ ಕೊಟ್ಟು ಮದುವೆ ಮಾಡಿದ್ದಳು. ನಮ್ಮ ಕಡೆ ಅದೇನೂ ವಿಶೇಷವಲ್ಲ. ಸೋದರಮಾವ ಇರುವಾಗ ಹೊರಗಿನ ಗಂಡು ಯಾಕೆ ಅನ್ನುತ್ತಿದ್ದರು. ಅಜ್ಜಿ ತಾತ ಕೂಡ ಹಾಗೆಯೇ ಹತ್ತಿರದ ಸಂಬಂಧದವರು. ಯಾರಿಗಾದರೂ ಜ್ವರ ಬಂದು ಆಸ್ಪತ್ರೆಗೆ ಹೊರಟರೆ ಅಜ್ಜಿ ಬಾಗಿಲ ತನಕ ಬಂದು, "ಸೂಜಿ ಚುಚ್ಚಿಸ್ಕಳಿ, ಮಾತ್ರೆ ನುಂಗಿ. ಮಂದಿ ರಕ್ತ ಮಾತ್ರ ಬ್ಯಾಡ" ಎಂದು ಹೇಳಿಯೇ ಕಳಿಸುತ್ತಿದ್ದಳು.

ನನ್ನ ಅಕ್ಕ ಬಸುರಿಯಾದದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ. ನಾನು ಆಗಷ್ಟೇ ಟಿಸಿಎಚ್ ಮುಗಿಸಿ ಪಕ್ಕದ ಊರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಅಕ್ಕ ಸೀಮಂತ ಮುಗಿಸಿಕೊಂಡು ನಮ್ಮಲ್ಲಿಗೆ ಬಂದಿದ್ದಳು. ಒಂದು ಬೆಳಿಗ್ಗೆ ಹಿತ್ತಿಲಿನಿಂದ ಬಂದು ಗೋಡೆ ಹಿಡಿದು ನಿಂತಳು. ನೋವಿಲ್ಲ, ಏನಿಲ್ಲ, ಸೀರೆ ಮಾತ್ರ ಹಿಂದೆ ರಕ್ತದಲ್ಲಿ ಒದ್ದೆಯಾಗಿತ್ತು. ನಾನು ನೋಡಿದೆ. ಅವ್ವ ನೋಡಿದಳು. ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೆಲದ ಮೇಲಿನ ಹನಿಗಳನ್ನೇ ನೋಡುತ್ತ, "ಅವ್ಳಿಗೂ ಇಂಗೇ ಸುರುವಾಗಿದ್ದು" ಅಂದಳು. ಚಿಕ್ಕವ್ವನಿಗೆ ಹಾಗೆ ಶುರುವಾಗಿರಲಿಲ್ಲ. ಆದರೂ ಯಾರೂ ತಿದ್ದಲು ಹೋಗಲಿಲ್ಲ.

ಕೆ.ಆರ್. ನಗರದ ಲೇಡಿ ಡಾಕ್ಟರು ಸ್ಕ್ಯಾನ್ ಮಾಡಿಸಿ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿದೆ ಅಂದರು. ಇಲ್ಲಿ ಹೆರಿಗೆ ಮಾಡಿಸುವ ಹಾಗಿಲ್ಲ. ಯಾವ ಗಳಿಗೆಯಲ್ಲಾದರೂ ರಕ್ತ ಹರಿಯಬಹುದು. ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿಸಿ, ಆಪರೇಷನ್ ಆಗುವವರೆಗೆ ಅಲ್ಲೇ ಇರಿ, ರಕ್ತ ರೆಡಿ ಮಾಡಿಟ್ಟುಕೊಳ್ಳಿ. ಇಷ್ಟನ್ನು ಅವರು ತುಂಬ ಮೆಲ್ಲಗೆ ಹೇಳಿದರು. ಜೋರಾಗಿ ಹೇಳಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲವೇನೋ.

ಅಕ್ಕನನ್ನು ಮೈಸೂರಿನಲ್ಲಿ ಸೇರಿಸಿದೆವು. ಅಪ್ಪ ನಾಟಿ ಬಿಟ್ಟು ಬರುವ ಹಾಗಿರಲಿಲ್ಲ. ನಾನೂ ಅವ್ವನೂ ವಾರ್ಡಿನಲ್ಲಿ ಉಳಿದೆವು. ಭಾವ ಬರುತ್ತ ಹೋಗುತ್ತ ಇದ್ದ. ಭಾವ ಪಿರಿಯಾಪಟ್ಟಣದವನು, ಲಾರಿ ಓಡಿಸುತ್ತಿದ್ದ, ಯಾವುದಕ್ಕೂ ಅಳುಕುವವನಲ್ಲ. ರಕ್ತ ಅಂದಕೂಡಲೇ ಸ್ನೇಹಿತರನ್ನು ಕರೆತಂದು ತಾನೂ ಅವರೂ ಕೊಟ್ಟರು. "ನಮ್ದು ಯಾವ್ ಗುಂಪಾದ್ರೂ ಸರಿ ಅಂತೆ. ನಾವು ಕೊಟ್ರೆ ಅವ್ರು ಇವ್ಳಿಗೆ ಸರಿಹೊಂದೋದು ಎತ್ತಿಡ್ತಾರೆ" ಎಂದು ಅವ್ವನಿಗೆ ವಿವರಿಸಿದ. ಅವ್ವ ಅವನ ತೋಳಿಗೆ ಅಂಟಿಸಿದ್ದ ಹತ್ತಿಯನ್ನೇ ನೋಡುತ್ತಿದ್ದಳು. ಅಕ್ಕನದು ಓ ಪಾಸಿಟಿವ್, ಬೇಕಾದಷ್ಟು ಸಿಗುತ್ತದೆ ಎಂದು ನರ್ಸ್ ಹೇಳಿ ಹೋದರು. ನನಗೆ ಸಮಾಧಾನವಾಯಿತು. ಅವ್ವನ ಮುಖ ಮಾತ್ರ ಇಳಿಯಿತು. ಚಿಕ್ಕವ್ವನಿಗೂ ಹೇಳಿದ್ದು ಅದೇ ಮಾತು.

ಮಾರನೆಯ ದಿನ ರಕ್ತನಿಧಿಯಿಂದ ಒಬ್ಬರು ಬಂದು ಅಕ್ಕನ ತೋಳಿನಿಂದ ಇನ್ನೊಮ್ಮೆ ರಕ್ತ ತೆಗೆದುಕೊಂಡು ಹೋದರು. ಯಾಕೆಂದು ಕೇಳಿದರೆ, "ಮೊದಲನೇ ಸ್ಯಾಂಪಲ್ ಸರಿಯಾಗಿ ಬಂದಿಲ್ಲ" ಅಂದರು. ಮಧ್ಯಾಹ್ನದ ಮೇಲೆ ಮತ್ತೆ ಬಂದರು. ಈ ಸಲ ಅಕ್ಕನ ಕೈಗೆ ಕಟ್ಟಿದ್ದ ಪಟ್ಟಿಯ ಮೇಲಿನ ಹೆಸರನ್ನು ಓದಿದರು, ಅವಳ ಬಾಯಿಂದಲೂ ಹೆಸರು ಹೇಳಿಸಿದರು. ಸಂಜೆಯ ಹೊತ್ತಿಗೆ ವಾರ್ಡಿನ ಡಾಕ್ಟರು ಫೋನಿನಲ್ಲಿ ಮಾತಾಡುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಎಲ್ಲಾ ಬ್ಯಾಗೂ ನೋಡಿದ್ರಾ? ಎಲ್ಲದರಲ್ಲೂ ಹೆಪ್ಪುಗಟ್ತಾ?" ನನ್ನನ್ನು ಕಂಡು ಅವರು ಬೆನ್ನು ತಿರುಗಿಸಿದರು.

ಆವತ್ತಿನಿಂದ ಆ ವಾರ್ಡಿನಲ್ಲಿ ನಮ್ಮನ್ನು ನೋಡುವ ರೀತಿ ಬದಲಾಯಿತು. ನರ್ಸುಗಳು ಅಕ್ಕನನ್ನು ಮಂಚದಿಂದ ಇಳಿಯಬೇಡ ಅನ್ನುತ್ತಿದ್ದರು. ಹಿಂದೆ ಬೈದು ಹೇಳುತ್ತಿದ್ದವರು ಈಗ ಬೈಯುತ್ತಿರಲಿಲ್ಲ. ಬೇರೆ ಬೇರೆ ಡಾಕ್ಟರುಗಳು ಬಂದು ಅವಳ ಕಾಲಬಳಿ ನಿಂತು ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಮಾತಾಡಿ ಹೋಗುತ್ತಿದ್ದರು. ಅಕ್ಕ ನನ್ನನ್ನು ಕರೆದು, "ನಂಗೇನೋ ಆಗೈತೆ, ಯಾರೂ ಯೋಳ್ತಿಲ್ಲ. ನೀನು ಓದ್ದೋಳು, ಕೇಳು" ಅಂದಳು. ಕೇಳಲು ನನಗೆ ಧೈರ್ಯ ಬರಲಿಲ್ಲ. ನಡುವೆ ಒಮ್ಮೆ ಮತ್ತೆ ರಕ್ತ ಕಾಣಿಸಿಕೊಂಡಿತು. ಸ್ವಲ್ಪವೇ ಹೋಗಿ ನಿಂತಿತು. ನಿಲ್ಲುವ ತನಕ ಅವ್ವ ಬಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಳು.

ರಕ್ತನಿಧಿಯ ಹಿರಿಯ ಡಾಕ್ಟರು ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿಕೊಂಡರು. ವಯಸ್ಸಾದ ಹೆಂಗಸು. ಅವ್ವನನ್ನು ಕೂರಿಸಿ ಕೇಳಿದರು: "ನಿಮ್ಮ ಮಗಳಿಗೆ ಮೊದಲು ಯಾವಾಗಲಾದರೂ ರಕ್ತ ಹಾಕಿಸಿದ್ದೀರಾ ಅಮ್ಮ?"

"ಇಲ್ಲ."

"ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ? ರಕ್ತ ಹಾಕಿ ತೊಂದರೆಯಾದದ್ದು ಏನಾದರೂ ಇದೆಯಾ?"

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, "ಇಲ್ಲ ಕಣ್ರವ್ವ" ಅಂದಳು. ನಾನು ಅವಳ ಮುಖ ನೋಡಿದೆ. ಡಾಕ್ಟರೂ ನೋಡಿದರು, ಆದರೆ ಒತ್ತಾಯ ಮಾಡಲಿಲ್ಲ. ಅವ್ವ ಎದ್ದಳು. ಬಾಗಿಲ ತನಕ ಹೋದವಳು ಅಲ್ಲೇ ನಿಂತಳು. ಆಮೇಲೆ ವಾಪಸು ಬಂದು ಕೂತು, ತಂಗಿಯ ಕೈ ಉರಿದದ್ದು, ಚಳಿ, ಬೆನ್ನು ನೋವು, ಕಾಫಿ ಬಣ್ಣದ ಉಚ್ಚೆ, ಎಲ್ಲವನ್ನೂ ಹೇಳಿದಳು. ಗಂಡನ ರಕ್ತ ಎನ್ನುವುದನ್ನೂ ಹೇಳಿದಳು. ಡಾಕ್ಟರು ಒಂದು ಸಲವೂ ತಡೆಯದೆ ಕೇಳಿಸಿಕೊಂಡರು. ಕೊನೆಗೆ, "ನೀವು ಗಂಡ ಹೆಂಡತಿ ಹತ್ತಿರದ ಸಂಬಂಧವಾ?" ಅಂದರು.

"ನಮ್ ಸೋದರಮಾವನ್ನೇ ಆಗಿರದು."

ಅವರು ತಲೆಯಾಡಿಸಿದರು. ರಕ್ತವನ್ನು ಬೆಂಗಳೂರಿಗೆ ಕಳಿಸಿದ್ದೇವೆ, ಉತ್ತರ ಬರಲಿ ಅಂದರು.

ಬಂದ ಉತ್ತರ ಅವರು ಊಹಿಸಿದ್ದೇ ಆಗಿತ್ತು. ಬಾಂಬೆ ಗುಂಪು ಎಂದು ಅದಕ್ಕೆ ಹೆಸರು. ಮೇಲುಮೇಲೆ ನೋಡಿದರೆ ಓ ಗುಂಪಿನಂತೆಯೇ ಕಾಣುತ್ತದೆ. ಆದರೆ ಓ ಸೇರಿದಂತೆ ಎಲ್ಲರ ರಕ್ತದಲ್ಲೂ ಇರುವ ಒಂದು ವಸ್ತು ಇವರಲ್ಲಿ ಇರುವುದಿಲ್ಲ. ಹಾಗಾಗಿ ಬೇರೆ ಯಾರ ರಕ್ತ ಒಳಗೆ ಹೋದರೂ ದೇಹ ಅದನ್ನು ಹೊರಗಿನ ಶತ್ರುವೆಂದು ಹೊಡೆದು ಒಡೆದುಹಾಕುತ್ತದೆ. ಇಂಥವರಿಗೆ ಇಂಥವರೇ ಕೊಡಬೇಕು. ಅವರು ತೀರ ಅಪರೂಪ. ಒಳಸಂಬಂಧದ ಮದುವೆಗಳಿರುವ ಮನೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಡಾಕ್ಟರು ಇದನ್ನೆಲ್ಲ ನಿಧಾನವಾಗಿ ಕನ್ನಡದಲ್ಲಿ ಹೇಳಿ, "ನಿಮ್ಮ ತಂಗಿಯದೂ ಇದೇ ಇರಬೇಕು. ಈಗ ಪರೀಕ್ಷೆ ಮಾಡಿ ಹೇಳೋಕಾಗಲ್ಲ. ಆದರೆ ನೀವು ಹೇಳಿದ್ದೆಲ್ಲ ಹೊಂದುತ್ತೆ" ಅಂದರು.

ಅವ್ವ ಕೇಳಿದಳು: "ಅಂಗಾರೆ ಅವ್ಳ ಗಂಡನ ರಕ್ತದಾಗೆ ಏನೂ ಇರ್ಲಿಲ್ವಾ?"

"ಏನೂ ಇರಲಿಲ್ಲ. ಆವತ್ತು ಯಾರು ಕೊಟ್ಟಿದ್ದರೂ ಹಾಗೇ ಆಗುತ್ತಿತ್ತು. ನಿಮ್ಮ ರಕ್ತವನ್ನೂ ನೋಡಿದ್ದೇವೆ, ಅದು ಎಲ್ಲರಂತೆಯೇ. ನೀವು ಕೊಟ್ಟಿದ್ದರೂ."

ಅವ್ವ ಆ ಕೋಣೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. "ಬಸ್‌ಸ್ಟ್ಯಾಂಡ್‌ನಾಗೆ ನಮ್ಮನ್ನ ನೋಡ್ತಿದ್ದ ಕಣೆ" ಅಂದಳು, ಅಷ್ಟೆ.

ಒಡಹುಟ್ಟಿದವರಲ್ಲಿ ಒಬ್ಬರಿಗಾದರೂ ಇದೇ ಗುಂಪು ಇರಬಹುದೆಂದು ನನ್ನನ್ನೂ, ಊರಿನಿಂದ ಕರೆಸಿದ ನಮ್ಮ ಅಣ್ಣನನ್ನೂ ಪರೀಕ್ಷೆ ಮಾಡಿದರು. ಅಣ್ಣನದು ಎಲ್ಲರಂತೆ. ನನ್ನದು ಅಕ್ಕನ ಹಾಗೆಯೇ. ಇದನ್ನು ಹೇಳುವಾಗ ರಕ್ತನಿಧಿಯ ಹುಡುಗಿ ನಕ್ಕಳು, ಲಾಟರಿ ಹೊಡೆದವಳಿಗೆ ಹೇಳುವ ಹಾಗೆ. ನನಗೂ ಒಂದು ಗಳಿಗೆ ಸಂತೋಷವೇ ಆಯಿತು. ಆ ಕಟ್ಟಡದ ತಂಪುಪೆಟ್ಟಿಗೆಗಳಲ್ಲಿ ಸಾಲಾಗಿ ಇಟ್ಟಿದ್ದ ಕೆಂಪು ಬ್ಯಾಗುಗಳನ್ನು ನಾನು ನೋಡಿದ್ದೆ. ಅವುಗಳಲ್ಲಿ ಒಂದೂ ನನಗೆ ಆಗುವುದಿಲ್ಲ ಎನ್ನುವುದು ಆಮೇಲೆ ಅರ್ಥವಾಯಿತು.

ನಾನು ಸಣಕಲು ಹುಡುಗಿ. ತೂಕ ಅಷ್ಟಕ್ಕಷ್ಟೇ ಸರಿಹೋಯಿತು. ಒಬ್ಬರಿಂದ ತೆಗೆಯುವುದು ಒಂದೇ ಬ್ಯಾಗು. ಇನ್ನೊಂದಕ್ಕೆ ಬೆಂಗಳೂರಿನಿಂದ ಒಬ್ಬರು ಬರುತ್ತಾರೆ ಎಂದರು. ಬಂದರು ಕೂಡ. ನಡುವಯಸ್ಸಿನ ಗಂಡಸು, ಕೈಯಲ್ಲಿ ಊಟದ ಡಬ್ಬಿಯ ಚೀಲ. ರಕ್ತ ಕೊಟ್ಟು, ಕೊಟ್ಟ ಬಿಸ್ಕತ್ತು ತಿಂದು, "ನಾನು ಬಸ್ಸಿಗೆ ಹೊರಡಬೇಕು" ಅಂದರು. ಅವ್ವ ಕೈಮುಗಿದಳು. ಅವರು ನನ್ನ ಕಡೆ ತಿರುಗಿ, "ನೀವೂನಾ?" ಎಂದು ಕೇಳಿದರು. ಹೌದೆಂದೆ. "ಗಾಡಿಯಲ್ಲಿ ಓಡಾಡುವಾಗ ಹುಷಾರಾಗಿರಿ, ಪೆಟ್ಟಾದರೆ ನಮಗೆ ರಕ್ತ ಸಿಗೋದು ಕಷ್ಟ" ಎಂದು ಹೇಳಿ ಹೋದರು. ಅವರನ್ನು ನಾನು ಮತ್ತೆ ನೋಡಲಿಲ್ಲ.

ಅಜ್ಜಿಗೆ ಸುದ್ದಿ ಮುಟ್ಟಿಸಲು ಅಣ್ಣ ಊರಿಗೆ ಹೋಗಿ ಬಂದ. ಅವಳು ನಂಬಲಿಲ್ಲ. "ಡಾಕ್ಟ್ರು ಅವತ್ತೂ ಯೋಳಿದ್ರು" ಅಂದಳಂತೆ.

ಆಪರೇಷನ್ನಿಗೆ ಗೊತ್ತುಮಾಡಿದ ದಿನಕ್ಕೆ ಮುಂಚೆಯೇ, ಒಂದು ಬೆಳಿಗ್ಗೆ, ಅಕ್ಕ ಮಲಗಿದ್ದ ಹಾಸಿಗೆ ಒಂದೇ ಸಮನೆ ತೋಯತೊಡಗಿತು. ಒಳಗೆ ಕರೆದುಕೊಂಡು ಹೋದರು. ಹೆಣ್ಣು ಮಗು, ಚಿಕ್ಕದು, ಆದರೆ ಅತ್ತಿತು. ಅದರ ಅಳು ಬಾಗಿಲಾಚೆ ಕೇಳಿಸಿದ ಮೇಲೂ ಬಹಳ ಹೊತ್ತು ಅಕ್ಕನ ಸುದ್ದಿ ಬರಲಿಲ್ಲ. ಆಮೇಲೆ ಒಬ್ಬ ಡಾಕ್ಟರು ಬಂದು, ಗರ್ಭಕೋಶ ತೆಗೆಯಬೇಕು, ಇಲ್ಲದಿದ್ದರೆ ರಕ್ತ ನಿಲ್ಲುವುದಿಲ್ಲ ಎಂದು ಭಾವನಿಗೆ ಹೇಳಿದರು. "ನಮ್ಮ ಹತ್ತಿರ ಇರೋದು ಎರಡೇ ಬ್ಯಾಗು. ಮೂರನೆಯದು ಇಲ್ಲ. ಕಾಯೋ ಹಾಗಿಲ್ಲ." ಭಾವ ತೆಗೆಯಿರಿ ಅಂದ. ಅಷ್ಟು ದೊಡ್ಡ ಆಳು, ಗೋಡೆಗೆ ಹಣೆ ಒತ್ತಿ ನಿಂತಿದ್ದ.

ಅಕ್ಕನನ್ನು ಹೊರಗೆ ತಂದಾಗ ಎರಡನೆಯ ಬ್ಯಾಗು ಇನ್ನೂ ಹರಿಯುತ್ತಿತ್ತು. ಅದು ನಾನು ಕೊಟ್ಟದ್ದು. ಕೊಳವೆಯಲ್ಲಿ ಹನಿ ಹನಿಯಾಗಿ ಇಳಿಯುತ್ತಿದ್ದುದನ್ನು ಮೂವರೂ ನೋಡುತ್ತ ಕೂತೆವು. ಡಾಕ್ಟರು ಎಷ್ಟು ಹೇಳಿದ್ದರೂ ಅವ್ವನಿಗೆ ಒಳಗೊಳಗೆ ನಂಬಿಕೆ ಇರಲಿಲ್ಲ. ಅಕ್ಕನಿಗೆ ಅರೆಬರೆ ಎಚ್ಚರ. ಅವ್ವ ಬಗ್ಗಿ ಬಗ್ಗಿ, "ಕೈ ಉರೀತದಾ ಮಗ? ಬೆನ್ನು ನೋಯ್ತದಾ?" ಎಂದು ಕೇಳುತ್ತಿದ್ದಳು. ಅಕ್ಕ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಒಮ್ಮೆ ಅವಳ ತುಟಿ ನಡುಗಿತು. ಅವ್ವ ಎದ್ದು ನರ್ಸನ್ನು ಕೂಗಲು ಹೊರಟಳು. "ಚಳಿಯಲ್ಲ ಕಣವ್ವ, ಬಾಯಾರೈತೆ" ಅಂದಳು ಅಕ್ಕ.

ಬ್ಯಾಗು ಖಾಲಿಯಾಯಿತು. ಏನೂ ಆಗಲಿಲ್ಲ. ಅಕ್ಕ ಬದುಕಿದಳು.

ಅವಳು ಮಗುವಿನೊಂದಿಗೆ ಊರಿಗೆ ಬಂದು ಒಂದಷ್ಟು ದಿನವಾದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಬೆಟ್ಟದಪುರದ ಕಡೆ ಹೊರಟಳು. ಸೊಪ್ಪು ಮುರಿಯುವ ಕಾಲ. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಂದ ಹೊಗೆ ಏಳುತ್ತಿತ್ತು. ಚಿಕ್ಕಪ್ಪ ಬ್ಯಾರನ್ ಮುಂದೆ ಒಬ್ಬನೇ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದ. ಕೂದಲು ಪೂರ್ತಿ ನೆರೆತಿತ್ತು. ನಮ್ಮನ್ನು ಕಂಡು ಎದ್ದ, ಕೈಗೆ ಅಂಟಿದ ಸೊಪ್ಪಿನ ಅಂಟನ್ನು ಉಜ್ಜಿಕೊಂಡ, ಕೂರಿ ಅಂತಲೂ ಅನ್ನಲಿಲ್ಲ.

ಅವ್ವ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ತಪ್ಪಿದ ಕಡೆ ನಾನು ಸೇರಿಸಿದೆ. ಡಾಕ್ಟರ ಮಾತನ್ನು ನಾನೇ ಹೇಳಿದೆ: ಯಾರು ಕೊಟ್ಟಿದ್ದರೂ ಹಾಗೇ ಆಗುತ್ತಿತ್ತು. ಅವನ ಮುಖ ಹಗುರವಾಗುತ್ತದೆ ಎಂದು ನಾನು ಕಾದೆ. ಹಾಗೇನೂ ಆಗಲಿಲ್ಲ.

"ಯಾರ್ದಾದ್ರೂ ಅಂಗೇ ಆಗದು ಅಂತೀರಿ" ಎಂದ. "ಸರಿ. ಆದ್ರೆ ಹಾಕಿದ್ದು ನಂದು ತಾನೆ ಅತ್ತಿಗೆ?"

ಅವನು ಕೆಳಗೆ ಬಿದ್ದಿದ್ದ ಕಡ್ಡಿಯನ್ನು ಎತ್ತಿ ಬದಿಗಿಟ್ಟ.

"ಸಾಕು ಅಂದ್ಲು ಅವ್ಳು. ಅದಕ್ಕೇ ನಾನು ಇಷ್ಟು ವರ್ಸ ಯಾರ್ಗೂ ಏನೂ ಅನ್ನಕೋಗ್ಲಿಲ್ಲ. ನಂಜು ಇತ್ತೋ ಇಲ್ವೋ, ಸಾಕು ಅಂದೋಳ್ಗೆ ತಡ್ಕೊ ಅಂದೋನು ನಾನು."

"ನಾವ್ ನಿಮ್ಮನ್ನ ಬಾಳ ನೋಯಿಸಿದ್ವಿ" ಅಂದಳು ಅವ್ವ.

"ಬುಡಿ" ಅಂದ. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದ. ಕೊಡುವಾಗ ಕೈ ಅರ್ಧಕ್ಕೆ ನಿಂತಿತು. ಅವ್ವ ತಾನೇ ಕೈ ಚಾಚಿ ಚೊಂಬು ತೆಗೆದುಕೊಂಡು ಕುಡಿದಳು, ನನಗೂ ಕುಡಿಯಲು ಕೊಟ್ಟಳು. ನಾವು ಹೊರಡುವಾಗ ಅವನು ನನ್ನನ್ನೇ ನೋಡುತ್ತ, "ಇವ್ಳ್ದೂ ಅದೇ ಗುಂಪಾ?" ಎಂದು ಕೇಳಿದ. ಹೂಂ ಅಂದೆ. "ಅಂಗಾರೆ ನಿಂಗೆ ಬೇಕಾದ್ರೆ ಯಾರವ್ವ ಕೊಡ್ತಾರೆ?"

ಅಕ್ಕ ಇದ್ದಾಳಲ್ಲ ಅಂದೆ.

ಅಜ್ಜಿ ಈ ಭೇಟಿಯ ಬಗ್ಗೆ ಏನೂ ಕೇಳಲಿಲ್ಲ. ಬೇಸಗೆಯಲ್ಲಿ ಒಂದು ದಿನ ಅಣ್ಣನನ್ನು, "ಬೆಟ್ಟದಪುರುಕ್ಕೆ ಬಸ್ ಎಷ್ಟೊತ್ಗೆ?" ಎಂದು ಕೇಳಿದಳು. ಅವನೊಂದಿಗೇ ಹೋದಳು. ಚಿಕ್ಕಪ್ಪ ಎಲ್ಲೋ ಹೋಗಿದ್ದ, ಮನೆಗೆ ಬೀಗ. ಅಜ್ಜಿ ಜಗಲಿಯ ಮೇಲೆ ಬಿಸಿಲು ಸರಿಯುವ ತನಕ ಕೂತಿದ್ದು ವಾಪಸು ಬಂದಳು. ಯಾರೋ ಹೇಳಿ ಅವನಿಗೆ ಗೊತ್ತಾಗಿರಬೇಕು. ಆದರೂ ಅವನು ಬರಲಿಲ್ಲ. ಅಜ್ಜಿ ಮತ್ತೆಂದೂ ಅವನ ವಿಷಯಕ್ಕೆ ಕೆಟ್ಟ ಮಾತು ಆಡಲಿಲ್ಲ, ಒಳ್ಳೆಯ ಮಾತೂ ಆಡಲಿಲ್ಲ. ಅವಳು ಸತ್ತಾಗ ಬಂದ. ಚಟ್ಟಕ್ಕೆ ಹೆಗಲು ಕೊಟ್ಟು, ಮಣ್ಣು ಹಾಕಿ, ಊಟಕ್ಕೆ ನಿಲ್ಲದೆ ಹೋದ.

ನನಗೆ ಸೋದರಮಾವನ ವರಸೆಯವರ ಮನೆಯಿಂದ ಸಂಬಂಧ ಕೇಳಿದಾಗ ಅವ್ವ ಒಲ್ಲೆ ಅಂದಳು. ಎಚ್.ಡಿ. ಕೋಟೆಯ ಕಡೆಗೆ, ನಮಗೆ ಏನೂ ಆಗಬೇಕಾಗಿಲ್ಲದವರ ಮನೆಗೆ ಕೊಟ್ಟರು. ನನ್ನ ಹೆರಿಗೆಯ ದಿನ ಅಕ್ಕ ಬೆಳಿಗ್ಗೆಯಿಂದ ಆಸ್ಪತ್ರೆಯಲ್ಲಿ ಕೂತಿದ್ದಳು. ಅವಳ ರಕ್ತ ಬೇಕಾಗಲಿಲ್ಲ. ಆಮೇಲೆ ನನಗೆ ಅಪರಿಚಿತರಿಗಾಗಿ ಕರೆ ಬಂದದ್ದುಂಟು, ಹೋಗಿ ಕೊಟ್ಟು ಬಂದಿದ್ದೇನೆ. ಅವರು ಯಾರೆಂದು ತಿಳಿಯದು. ಬದುಕಿದರೋ ಇಲ್ಲವೋ ಎಂದು ಒಮ್ಮೆ ಮಾತ್ರ ಕೇಳಿದೆ. ಆ ಕಡೆಯವರು ಉತ್ತರ ಹೇಳಲು ತಡಮಾಡಿದರು. ಆಮೇಲೆ ಕೇಳುವುದನ್ನು ಬಿಟ್ಟೆ.

ಮೊನ್ನೆ ಹುಣಸೂರಿನಲ್ಲಿ ನೆಂಟರ ಮದುವೆಯಿತ್ತು. ಅಕ್ಕ ಹಿಂದಿನ ದಿನವೇ ನಮ್ಮ ಮನೆಗೆ ಬಂದಿದ್ದಳು. ಬೆಳಿಗ್ಗೆ ಇಬ್ಬರೂ ರೇಷ್ಮೆ ಸೀರೆ ಉಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆವು. ಬಸ್ಸು ಬಂತು, ಒಳಗೆ ಬೇಕಾದಷ್ಟು ಜಾಗವಿತ್ತು. ಅಕ್ಕ ಹತ್ತಿ ಕಿಟಕಿಯ ಪಕ್ಕ ಕೂತಳು. ಕಂಡಕ್ಟರು ನನ್ನನ್ನು ನೋಡಿ, "ಹತ್ತಿ ಅಮ್ಮ, ಸೀಟೈತೆ" ಅಂದ. ನಾನು ಹಿಂದೆ ಬರುವ ಬಸ್ಸಿನಲ್ಲಿ ಬರುತ್ತೇನೆ ಅಂದೆ. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗುವುದಿಲ್ಲ.